ಮೇಸ್ತ್ರಿ ಬಾಗಿಲು ಕಿತ್ತ ದಿನ

ತೋಟದ ದೊಡ್ಡಮನೆಗೆ ನೂರನಲವತ್ತು ವರ್ಷ ದಾಟಿತ್ತು. ಎದೆಮಟ್ಟದ ಕಲ್ಲುಪಾಯ, ಸುತ್ತಲೂ ಜಗಲಿ. ಬೆಂಕಿಯ ಭಯಕ್ಕೆ ಅಡುಗೆಮನೆಯನ್ನು ಅಂಗಳದಾಚೆ ಬೇರೆಯೇ ಕಟ್ಟಿದ್ದರು. ಅದರ ಹಿಂದೆ ಕುದುರೆಲಾಯ, ಕೊನೆಗೆ ಹೊಗೆಸೊಪ್ಪು ಒಣಗಿಸುವ ಉದ್ದನೆಯ ಕೊಟ್ಟಿಗೆ. ಅಷ್ಟಕ್ಕೂ ಒಬ್ಬನೇ ಬಡಗಿ. ಮರಕ್ಕೆ ಕಿವಿಯಿಟ್ಟು, ಕೊಡತಿಯಿಂದ ತಟ್ಟಿ ಅದರ ರೋಗ ಹೇಳುತ್ತಿದ್ದ ಅವನನ್ನು ಎಲ್ಲರೂ ಕಿವಿಮೇಸ್ತ್ರಿ ಎನ್ನುತ್ತಿದ್ದರು. ಹೆಂಡತಿಯ ಮಾತು ಮಾತ್ರ ಆ ಕಿವಿಗೆ ಬೀಳದು ಎಂದು ನಗುವವರೂ ಇದ್ದರು.

ಆ ವರ್ಷ ಕೊಟ್ಟಿಗೆಯ ಬಾಗಿಲು ಬಿಗಿಯತೊಡಗಿತು. ಮೇಸ್ತ್ರಿ ಹತ್ತರಿ ಹೊಡೆದು ಮೇಲಂಚು ಸವರಿದ. ಹದಿನೈದು ದಿನಕ್ಕೆ ಮತ್ತೆ ಬಿಗಿಯಿತು, ಮತ್ತೆ ಸವರಿದ. ಮೂರನೇ ಸಲ ಕರೆ ಬಂದಾಗ ಅವನು ಬಾಗಿಲನ್ನು ಮುಟ್ಟಲೇ ಇಲ್ಲ. ಏಣಿ ಹತ್ತಿ ನಡುತೊಲೆಯನ್ನು ತಟ್ಟಿದ. ಠಣ್ ಎನ್ನಬೇಕಾದ ಮರ ಒಣಸೋರೆಯಂತೆ ಡಬ್ ಎಂದಿತು. ಒಳಗೆ ಏನೋ ಸಣ್ಣಗೆ ಸರಿದಾಡುತ್ತಿತ್ತು. ಆ ತೊಲೆ ಹೊತ್ತ ಅಟ್ಟದ ತುಂಬ ಸೊಪ್ಪಿನ ಮೂಟೆಗಳು.

“ಬಾಗಿಲು ಉಬ್ಬಿಲ್ಲ ಯಜಮಾನ್ರೇ, ಕಟ್ಟಡಾನೇ ಕೂತ್ಕೊಳ್ತಾ ಇದೆ. ತೊಲೆ ಒಳಗೆಲ್ಲ ಗೆದ್ದಲು. ಮೂಟೆ ಇಳಿಸಿ.”

“ನಮ್ಮ ಮುತ್ತಾತ ಕಟ್ಟಿಸಿದ್ದು ಕಣಯ್ಯ. ನಿನ್ನ ಕಿವಿಗೇ ವಯಸ್ಸಾಯ್ತು. ಸುಗ್ಗಿ ಮುಗೀಲಿ, ನೋಡೋಣ.”

ಕೊಟ್ಟಿಗೆಯಲ್ಲಿ ಹನ್ನೆರಡು ಹೆಂಗಸರು ಸೊಪ್ಪು ವಿಂಗಡಿಸುತ್ತಿದ್ದರು, ಗಾಳಿಗೆ ಹಾರದಿರಲೆಂದು ಕದ ಮುಚ್ಚಿಕೊಂಡು. ಅವರಲ್ಲೊಬ್ಬಳು ಮೇಸ್ತ್ರಿಯ ತಂಗಿ.

“ನಾಳೆಯಿಂದ ಬರಬೇಡ ಕಣೇ,” ಎಂದ.

“ನಾನು ಬಿಟ್ರೆ ಉಳಿದ ಹನ್ನೊಂದು ಜನ ಏನಣ್ಣ, ಕಲ್ಲಾ?”

ಮರುದಿನ ಬೆಳಗ್ಗೆ ಅವನು ಕೊಟ್ಟಿಗೆ ಬಾಗಿಲಿನ ತಿರುಗಣಿ ಕಳಚಿ ಎರಡೂ ಕದಗಳನ್ನು ಗಾಡಿಗೆ ಹೇರಿಕೊಂಡು ಮನೆಗೆ ಒಯ್ದುಬಿಟ್ಟ. ಯಜಮಾನರು ಬೆಂಕಿಯಾದರು, ಕೆಲಸದಿಂದ ತೆಗೆದರು. ಮೇಸ್ತ್ರಿ ಬೈಗುಳವನ್ನೆಲ್ಲ ನಿಂತು ಕೇಳಿದ, ಕದ ಕೊಡಲಿಲ್ಲ.

ಆರನೆಯ ದಿನ ಮಧ್ಯಾಹ್ನ, ತೊಲೆಯಿಂದ ಹಿಟ್ಟಿನಂಥ ಪುಡಿ ತಂಗಿಯ ಸೆರಗಿಗೆ ಉದುರಿತು.

“ಏಳ್ರೇ! ಎಲ್ಲ ಬಿಟ್ಟು ಏಳ್ರೇ!”

ಬಾಗಿಲುವಾಡ ಆಗಲೇ ಓರೆಯಾಗಿತ್ತು; ಕದವಿದ್ದಿದ್ದರೆ ಕಚ್ಚಿಕೊಂಡುಬಿಡುತ್ತಿತ್ತು. ಹನ್ನೊಂದು ಜನರನ್ನು ದಬ್ಬಿ ತಂಗಿ ಹೊರಬೀಳುವಷ್ಟರಲ್ಲಿ ಅಟ್ಟ, ಮೂಟೆ, ಹೆಂಚು ಎಲ್ಲ ಒಟ್ಟಿಗೆ ಕುಸಿದವು. ಅವಳ ಪಾದ ಜಜ್ಜಿಹೋಯಿತು. ಇವತ್ತಿಗೂ ಕುಂಟುತ್ತಾಳೆ.

ವಾರದ ಮೇಲೆ ಯಜಮಾನರೇ ಮೇಸ್ತ್ರಿಯ ಮನೆಗೆ ಬಂದರು. “ದೊಡ್ಡಮನೇನೂ ಒಂದ್ಸಲ ನೋಡಪ್ಪ.”

ನಡುಮನೆ, ಊಟದ ಕೋಣೆ, ಕೊನೆಗೆ ಮಲಗುವ ಕೋಣೆ. ಅಲ್ಲಿ ಅವನು ಏಣಿ ಹತ್ತಿ ಮಂಚದ ಮೇಲಿನ ತೊಲೆಯನ್ನು ತಟ್ಟಿದ.

“ಅದೇ ಕಾಡಿನ ಮರ. ಅದೇ ಸದ್ದು.”

“ಎಷ್ಟು ದಿನ ತಡೆಯುತ್ತೆ?”

“ಅದನ್ನ ಮರ ಹೇಳಲ್ಲ. ಇವತ್ತೇ ಹೊರಡಿ ಯಜಮಾನ್ರೇ.”

ಯಜಮಾನರು ತೊಲೆಗೆ ನಾಲ್ಕು ಕಬ್ಬಿಣದ ಕಂಬಗಳ ಆಸರೆ ಕೊಡಿಸಿದರು, ಮಂಚವನ್ನು ಎರಡಡಿ ಪಕ್ಕಕ್ಕೆ ಸರಿಸಿಕೊಂಡರು. ಮೇಸ್ತ್ರಿ ಮತ್ತೆ ಆ ತೋಟದ ಕಡೆ ತಲೆ ಹಾಕಲಿಲ್ಲ. ಯಜಮಾನರು ಇನ್ನೂ ಆ ಕೋಣೆಯಲ್ಲೇ ಮಲಗುತ್ತಾರೆ.