ದೊಗಳೆ ಟೇಲರು ಹೊಲಿದ ಕೇಬಲ್

ನಮ್ಮ ಭಾವ ಹೊಲಿದ ಅಂಗಿ ಹೊಸದರಲ್ಲಿ ಯಾರ ಮೈಗೂ ಸರಿಯಾಗಿ ಕೂತದ್ದನ್ನು ನಾನು ಕಂಡಿಲ್ಲ. ತೋಳಿನಲ್ಲಿ ಗಾಳಿ ಓಡಾಡುತ್ತಿತ್ತು, ಬಗಲಿನ ಹೊಲಿಗೆ ಹಗ್ಗದಷ್ಟು ದಪ್ಪ ಇರುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಇನ್ನೊಂದು ಅಂಗಿಗಾಗುವಷ್ಟು ಬಟ್ಟೆ ಮಡಿಸಿ ಕೂರಿಸಿರುತ್ತಿದ್ದರು. ಬೀದಿಯವರು ಅದಕ್ಕೇ ಅವರನ್ನು ದೊಗಳೆ ಟೇಲರ್ ಎನ್ನುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದರೆ ಭಾವ ಟೇಪನ್ನು ಕೊರಳಿನ ಸುತ್ತ ಇನ್ನೊಂದು ಸುತ್ತು ಎಳೆದುಕೊಂಡು, "ಅವರ ಮಕ್ಕಳು ಬೆಳೀಲಿ, ಆಮೇಲೆ ಬರ್ತಾರೆ" ಎನ್ನುತ್ತಿದ್ದರು.

ಬರುತ್ತಲೂ ಇದ್ದರು. ಶಾಲೆ ಶುರುವಾಗುವ ಮುಂಚೆ ತಾಯಂದಿರು ಹಳೇ ಸಮವಸ್ತ್ರ ಹಿಡಿದು ಸಾಲುಗಟ್ಟುತ್ತಿದ್ದರು. ಭಾವ ಮಡಿಕೆ ಬಿಚ್ಚಿ, ಉದ್ದ ಬಿಟ್ಟು, ಇಸ್ತ್ರಿ ಎಳೆದು ಕೊಡುತ್ತಿದ್ದರು. ಪಕ್ಕದಲ್ಲಿ ಕೂತು ಗುಂಡಿ ಹಾಕುವ ನಮ್ಮಕ್ಕ ಮುಖ ಗಂಟಿಕ್ಕಿಕೊಂಡು, "ಹೊಸ ಬಟ್ಟೆ ಹೊಲೀಬೇಕಾದೋರು ಹಳೇದನ್ನೇ ಎಳೆದೆಳೆದು ಕೊಟ್ರೆ ಒಲೆ ಉರಿಯುತ್ತಾ?" ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ಮಡಿಕೆಯ ನೂಲು ಬಿಚ್ಚುತ್ತಿದ್ದವಳೂ ಅವಳೇ. ಬ್ಲೇಡಿನ ತುದಿಯಲ್ಲಿ ಬಟ್ಟೆಗೆ ಗೀರು ಬೀಳದಂತೆ ಹೊಲಿಗೆ ಕೀಳುವುದರಲ್ಲಿ ಅವಳ ಕೈಗೆ ಸಮನಾದ ಕೈ ಇರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮಿಷನ್ನು, ಗೋಡೆಯ ಮೊಳೆಗೆ ನೇತುಬಿದ್ದ ದೊಡ್ಡ ಕತ್ತರಿ. ಆ ಕತ್ತರಿ ಬಟ್ಟೆಯನ್ನು ಬಿಟ್ಟು ಬೇರೇನನ್ನೂ ಮುಟ್ಟುವಂತಿರಲಿಲ್ಲ. ಅಕ್ಕ ಒಮ್ಮೆ ಅದರಿಂದ ಹಾಲಿನ ಪ್ಯಾಕೆಟ್ ಕತ್ತರಿಸಿದಾಗ ಭಾವ ಮನೆಯಲ್ಲಿ ಯಾರೊಂದಿಗೂ ಮಾತಾಡದೆ ಮಿಷನ್ನಿನ ಜೊತೆಗೇ ಮಾತಾಡಿಕೊಂಡು ದಿನ ಕಳೆದರು.

ದೂರದ ಶಾಲೆಗಳಿಂದಲೂ ಸಮವಸ್ತ್ರದ ಕೆಲಸ ಬರತೊಡಗಿದಾಗ ಭಾವ ಒಂದು ಹಳೇ ಕಾರು ತಂದರು. ಸೀಟಿನ ಕವರು ತಾವೇ ಹೊಲಿದರು; ಅದೂ ದೊಗಳೆಯೇ. ಅಕ್ಕನಿಗೆ ಓಡಿಸುವುದನ್ನು ಕಲಿಸಿದವರು ಅವರೇ. ಆ ದಿನಗಳಲ್ಲಿ ಗಂಡಹೆಂಡಿರ ಬೈದಾಟದ ಮುಂದೆ ಹಾರ್ನ್ ಬೇಕಿರಲಿಲ್ಲ, ಜನ ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದರು. ಕೊನೆಗೆ ಅಕ್ಕ ಎಷ್ಟು ಚೆನ್ನಾಗಿ ಕಲಿತಳೆಂದರೆ ಭಾವ ಪಕ್ಕದ ಸೀಟಿಗೆ ಸರಿದವರು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ.

ಕಾರಿನ ಹೊಟ್ಟೆಯೊಳಗಿನ ಕೆಲಸ ಮಾತ್ರ ನನ್ನದೂ ಭಾವನದೂ. ನನಗೆ ಯಂತ್ರವಿದ್ಯೆಯನ್ನು ಯಾರೂ ಬಾಯಿಬಿಟ್ಟು ಹೇಳಿಕೊಟ್ಟವರಿಲ್ಲ. ಬಿಚ್ಚಿ ನೋಡಿದೆ, ಕೈ ಸುಟ್ಟುಕೊಂಡೆ, ಕಲಿತೆ. ರಜೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಹಳೇ ಚಾದರ ಹಾಸಿ ಬ್ಯಾಟರಿಯ ಮೈ ತೊಳೆಯುತ್ತಿದ್ದೆವು. ಅದರ ತಲೆಯ ಮೇಲೆ ಬೂಷ್ಟಿನಂತೆ ಹಬ್ಬುವ ಬಿಳಿ ಹಸಿರು ಪುಡಿಗೆ ಅಡುಗೆ ಸೋಡಾ ಕಲಸಿದ ಬಿಸಿನೀರು ಸುರಿದರೆ ಬುಸುಬುಸು ನೊರೆ ಏಳುತ್ತಿತ್ತು. ತಂತಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಅದೇ ಕೊನೆಗೆ ಎಂದು ನಾನು ಹೇಳಿಕೊಟ್ಟರೆ ಭಾವ ಅದನ್ನು ತಮ್ಮ ಕಸುಬಿಗೆ ಎಳೆದುಕೊಂಡರು.

"ಗೊತ್ತಾಯ್ತು ಬಿಡೋ. ಮೈನಸ್ಸು ಅಂದ್ರೆ ಬೆಲ್ಟು. ಬಿಚ್ಚೋವಾಗ ಮೊದಲು, ಹಾಕೋವಾಗ ಕೊನೆಗೆ."

ಒಂದು ಸಲ ಪ್ಲಸ್ಸಿನ ಕೇಬಲ್ಲೇ ಕೊಳೆತುಹೋಯಿತು. ಭಾವ ವೆಲ್ಡಿಂಗ್ ಮಾಡುವವರ ಹತ್ತಿರ ದಪ್ಪ ತಂತಿ ತಂದು, ಕೊರಳಿನ ಟೇಪು ತೆಗೆದು ಅಳೆದು, ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಗುರುತು ಬೇಕಾದ್ದಕ್ಕಿಂತ ಬಹಳ ಮುಂದಿತ್ತು.

"ಭಾವ, ಇಷ್ಟುದ್ದ ಯಾಕೆ? ತಂತಿ ಉದ್ದ ಆದಷ್ಟೂ ಕರೆಂಟು ದಣೀತದೆ."

"ಒಳಗೆ ಸ್ವಲ್ಪ ಇರಲಿ."

"ಕಾರೇನು ಬೆಳೆಯೋ ಮಗುವಾ?"

"ಕಾರು ಬೆಳೆಯಲ್ಲ, ತಂತಿ ಕೊಳೆಯುತ್ತೆ. ನೀನು ಇಕ್ಕಳ ಕೊಡು, ಉಪದೇಶ ಆಮೇಲೆ ಕೊಡು."

ಕತ್ತರಿಯನ್ನಂತೂ ಮೊಳೆಯಿಂದ ಇಳಿಸಲಿಲ್ಲ. ನನ್ನ ಇಕ್ಕಳದಲ್ಲೇ ತಂತಿ ಕತ್ತರಿಸಿ, ಪ್ಲಸ್ ಎಂದು ಗೊತ್ತಾಗಲು ಅದರ ಕೊರಳಿಗೆ ಕೆಂಪು ನೂಲನ್ನು ಗುಂಡಿಗೆ ಕಾಜಾ ಹಾಕುವಷ್ಟು ಒತ್ತಾಗಿ ಸುತ್ತಿದರು. ಆ ದಿನ ನನಗೆ ಬೇರೆ ಕೆಲಸವಿದ್ದು ಮಧ್ಯದಲ್ಲೇ ಹೊರಟೆ. ಮರುದಿನ ಬಂದು ನೋಡಿದರೆ ಕೇಬಲ್ ಎಲ್ಲೂ ಜೋಲದೆ ಅಚ್ಚುಕಟ್ಟಾಗಿ ಕೂತಿತ್ತು. ಹೆಚ್ಚಿನದನ್ನು ಕತ್ತರಿಸಿದ್ದಾರೆ, ಒಂದು ಸಲವಾದರೂ ನನ್ನ ಮಾತು ನಡೆಯಿತು ಎಂದು ಎದೆಯುಬ್ಬಿಸಿಕೊಂಡೆ.

ಭಾವ ತೀರಿಕೊಂಡು ವರ್ಷಗಳಾದ ಮೇಲೂ ಅಕ್ಕ ತಾನೇ ಹೊಲಿದು, ಆ ಕಾರಿನಲ್ಲೇ ಶಾಲೆಗಳಿಗೆ ಬಟ್ಟೆ ಒಯ್ಯುತ್ತಿದ್ದಳು. ಅವಳ ಮಗನಿಗೆ ಅದು ಹಿಡಿಸಲಿಲ್ಲ. ಅವನು ಕೆಟ್ಟವನಲ್ಲ, ಗಾಡಿ ಕೆಟ್ಟು ತಾಯಿ ದಾರಿಯಲ್ಲಿ ನಿಂತುಬಿಟ್ಟಾಳೆಂಬ ಹೆದರಿಕೆ. ಅದರ ಮೇಲೆ ಗಾಡಿ ಬೆಳಿಗ್ಗೆ ಬೆಳಿಗ್ಗೆ ಹಟ ಹಿಡಿಯತೊಡಗಿತು. ಬ್ಯಾಟರಿ ಹೊಸದು ಹಾಕಿಸಿದರೂ ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎಂದು ನಾಲಿಗೆ ಲೊಚಗುಟ್ಟಿ ಸುಮ್ಮನಾಗುತ್ತಿತ್ತು.

ಮಗ ಗುಜರಿಯವನನ್ನು ಗೊತ್ತುಮಾಡಿದ. "ಅಮ್ಮ, ಭಾನುವಾರ ಅವನು ಬರೋ ಹೊತ್ತಿಗೆ ಗಾಡಿ ಸ್ಟಾರ್ಟ್ ಆದ್ರೆ ಇಟ್ಕೋ. ಆಗಲಿಲ್ಲ ಅಂದ್ರೆ ಕೊಟ್ಟುಬಿಡೋಣ, ಮತ್ತೆ ಮಾತಿಲ್ಲ."

ಅಕ್ಕ ಬೀಗಿಕೊಂಡು ಆಗಲಿ ಎಂದಳು. ಆಮೇಲೆ ನನಗೆ ಹೇಳಿ ಕಳಿಸಿದಳು.

ಭಾನುವಾರ ಬೆಳಿಗ್ಗೆ ನಾನು ಹೋದಾಗ ಬಾನೆಟ್ಟು ಎತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಪಕ್ಕದಲ್ಲಿ ಬಿಸಿನೀರಿನ ಪಾತ್ರೆ.

"ಈ ಗಾಡಿ ಹೋದ್ರೆ ನಾನು ಬಟ್ಟೆ ಹೊಲಿದು ಪೂಜೆ ಮಾಡ್ಲಾ? ಮನೇಲಿ ಕೈಕಟ್ಟಿ ಕೂತ್ಕೊಂಡು ಅವನ ಆಫೀಸಿನ ಬುತ್ತಿ ಕಟ್ಟಬೇಕಷ್ಟೇ" ಎಂದಳು. ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಗೇಟಿನ ಕಡೆಗಿತ್ತು.

ಅವಳು ಕೀಲಿ ತಿರುಗಿಸಿದಳು, ನಾನು ಕೇಬಲ್ಲಿಗೆ ಬೆರಳಿಟ್ಟೆ. ಬ್ಯಾಟರಿಯನ್ನು ಕಚ್ಚಿಹಿಡಿಯುವ ಟರ್ಮಿನಲ್ಲಿನ ಹತ್ತಿರ ಜ್ವರ ಬಂದ ಹಣೆಯಂತೆ ಸುಡುತ್ತಿತ್ತು. ರೋಗ ಸಿಕ್ಕಿತು, ಬ್ಯಾಟರಿಯದ್ದಲ್ಲ, ತಂತಿಯದ್ದು. ಹತ್ತನೇ ನಂಬರ್ ಸ್ಪ್ಯಾನರ್ ಪ್ಲಸ್ಸಿನ ಕಡೆ ಒಯ್ದೆನೋ ಇಲ್ಲವೋ, ಅಕ್ಕ ಗದರಿದಳು: "ಬೆಲ್ಟು ಮೊದಲು ಕಣೋ."

ಮೈನಸ್ ಬಿಚ್ಚಿ, ಆಮೇಲೆ ಪ್ಲಸ್ ಬಿಚ್ಚಿದೆ. ಟರ್ಮಿನಲ್ಲು ಕೈಯಲ್ಲೇ ಮುರಿದು ಬಂತು. ಚಿಂತೆಯಿಲ್ಲ, ಹೊಸದೊಂದು ನನ್ನ ಡಬ್ಬಿಯಲ್ಲಿತ್ತು. ಆದರೆ ಕೇಬಲ್ಲಿನ ರಬ್ಬರು ಸಿಗಿದರೆ ತಾಮ್ರವೆಲ್ಲ ಹಸಿರು ಪುಡಿ. ಇನ್ನಷ್ಟು ಸಿಗಿದೆ, ಕಪ್ಪು. ಗೇಣುದ್ದ ಕತ್ತರಿಸಿ ಬಿಸಾಡಿದ ಮೇಲೆ ಹೊಳೆಯುವ ಎಳೆ ಕಂಡಿತು. ಕಂಡರೇನು, ತಂತಿ ಈಗ ಬ್ಯಾಟರಿಗೆ ಎಟುಕುತ್ತಲೇ ಇರಲಿಲ್ಲ. ಭಾನುವಾರ, ಒಂದು ಅಂಗಡಿಯೂ ಬಾಗಿಲು ತೆಗೆದಿಲ್ಲ. ಬೀದಿಯ ತುದಿಯಲ್ಲಿ ಟೆಂಪೋ ಸದ್ದು ಕೇಳಿಸಿತು. ಮಗ ಒಳಗಿಂದ ಬಂದು ಮೆಟ್ಟಿಲ ಮೇಲೆ ನಿಂತ.

"ಏನಾಯ್ತು ಮಾವ?"

"ಕೇಬಲ್ ಮೋಟಾಯ್ತಪ್ಪ."

ಅಕ್ಕ ಆ ಮೋಟು ತುದಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಇದು ನಿನ್ನ ಭಾವ ಹಾಕಿದ ತಂತಿ ತಾನೇ?"

"ಹೂಂ."

"ಮತ್ತೆ ಮೋಟು ಹೇಗಾಗುತ್ತೆ? ಒಳಗೆ ಬಿಟ್ಟಿರ್ತಾರೆ. ಸರಿ ಆ ಕಡೆ."

ಬಗ್ಗಿ, ಬ್ಯಾಟರಿಯ ತಟ್ಟೆಯ ಅಡಿಗೆ ಕೈ ತೂರಿಸಿ ತಡವಿದಳು. ಅಂಗಿಯ ಬಗಲಿನಲ್ಲಿ ಮಡಿಕೆ ಹುಡುಕುವಾಗಿನ ಅದೇ ಬೆರಳು, ಅದೇ ಅರೆಗಣ್ಣು. ಇದ್ದಕ್ಕಿದ್ದಂತೆ ಕೈ ನಿಂತಿತು.

"ಬ್ಲೇಡು ಕೊಡು."

ಎಣ್ಣೆ ಜಿಡ್ಡು ಮೆತ್ತಿದ ಒಂದು ರೆಕ್ಸಿನ್ ಚೀಲ. ಸೀಟಿನ ಕವರಿನದೇ ತುಂಡು. ಹೆಚ್ಚಿನ ತಂತಿಯನ್ನು ಒಂದು ಮಡಿಕೆ ಮಡಿಸಿ, ಚೀಲದೊಳಗೆ ಮಲಗಿಸಿ, ಬಾಯಿ ಹೊಲಿದು, ತಟ್ಟೆಯ ಅಡಿಗೆ ಬಿಗಿದಿದ್ದರು. ನಾನು ಆ ಗಾಡಿಯ ಹೊಟ್ಟೆಗೆ ಎಷ್ಟೋ ಸಲ ಕೈಹಾಕಿದವನು, ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅಕ್ಕ ಒಂದೊಂದೇ ಹೊಲಿಗೆ ಕಿತ್ತಳು. ಕೇಬಲ್ ಮೈಮುರಿದುಕೊಂಡು ಉದ್ದವಾಯಿತು.

ಎಳೆ ಉಜ್ಜಿ, ಹೊಸ ಟರ್ಮಿನಲ್ಲಿಗೆ ಕಚ್ಚಿಸಿ ಬಿಗಿದು, ಗ್ರೀಸು ಸವರಿದೆ. ಕೆಂಪು ನೂಲು ಕತ್ತರಿಸಿದ ತುಂಡಿನ ಜೊತೆ ಹೋಗಿತ್ತು. ಅಕ್ಕ ಒಳಗೆ ಹೋಗಿ ರೀಲು ತಂದು, ಹಲ್ಲಿನಲ್ಲಿ ಕಡಿದು, ತಾನೇ ಸುತ್ತಿದಳು. ಅಷ್ಟರಲ್ಲಿ ಟೆಂಪೋ ಗೇಟಿಗೆ ಅಡ್ಡ ನಿಂತಿತ್ತು. ಗುಜರಿಯವನು ಕೆಳಗಿಳಿದು, ಆಗಲೇ ಕಾರು ತನ್ನದಾದಂತೆ ಸುತ್ತು ಬಂದು ಟೈರಿಗೆ ಒಂದು ಒದೆ ಕೊಟ್ಟ.

"ತಳ್ಳೋಕೆ ಜನ ಬೇಕಾ ಅಮ್ಮ?"

ನಾನು ಮೈನಸ್ ಬಿಗಿದೆ. ಅಕ್ಕ ಸೀಟಿನಲ್ಲಿ ಕೂತು, ಪಕ್ಕದ ಸೀಟಿನ ಸಡಿಲ ಕವರನ್ನು ಒಮ್ಮೆ ಎಳೆದು ಸರಿಮಾಡಿ, ಕೀಲಿ ತಿರುಗಿಸಿದಳು. ಟಿಕ್ ಎನ್ನಲಿಲ್ಲ. ಎಂಜಿನ್ನು ಹಳೇ ಗಂಟಲು ಸರಿಮಾಡಿಕೊಂಡು, ಒಂದೇ ಉಸಿರಿಗೆ ಎದ್ದಿತು.

ಮಗ ತಲೆ ಕೆರೆದುಕೊಂಡ. ತಾಯಿಯ ಮುಖ ನೋಡಿ ನಗು ತಡೆಯಲಾಗದೆ ಒಳಗೆ ಹೋದ. ಮೂಲೆಯಲ್ಲಿ ಕಟ್ಟಿಟ್ಟಿದ್ದ ಸಮವಸ್ತ್ರದ ಗಂಟು ಹೊತ್ತು ತಂದು ತಾನೇ ಹಿಂದಿನ ಸೀಟಿಗೆ ಹಾಕಿದ.

ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ ಗುಜರಿಯವನಿಗೆ ಹೇಳಿದಳು: "ನಿನ್ನ ಟೆಂಪೋ ಸ್ವಲ್ಪ ಹಿಂದಕ್ಕೆ ತಗೋಪ್ಪ. ನಾನು ಒಂದು ಸುತ್ತು ಹೋಗಿ ಬರಬೇಕು."

ಹೊರಡುವ ಮುಂಚೆ ನನ್ನ ಕೈಯಲ್ಲಿದ್ದ ಇಕ್ಕಳ ಅವಳ ಕಣ್ಣಿಗೆ ಬಿತ್ತು. ತಟ್ಟೆಯ ಅಡಿಯಲ್ಲಿ ಇನ್ನೂ ಚೋಟುದ್ದ ತಂತಿ ಬಾಗಿಕೊಂಡು ಉಳಿದಿತ್ತು.

"ಅದನ್ನ ಮುಟ್ಟಬೇಡ" ಎಂದಳು. "ಹಾಗೇ ಒಳಗಿರಲಿ."