ಕಿವಿಯೊಳಗಿನ ಬಸವನಹುಳು

ಜಮಖಂಡಿಯ ಕಿವಿ ಡಾಕ್ಟರು ಪ್ಲಾಸ್ಟಿಕ್ಕಿನ ದೊಡ್ಡ ಕಿವಿಯೊಂದನ್ನು ಮೇಜಿನ ಮೇಲಿಟ್ಟು, ಅದರ ಒಳಗಿಂದ ಸುರುಳಿ ಸುತ್ತಿದ ತುಂಡೊಂದನ್ನು ಕಿತ್ತು ನನ್ನ ಕೈಗೆ ಕೊಟ್ಟರು. ಬಾಯಿ ನನಗೆ ಕಾಣುವಂತೆ ಮುಖವೆತ್ತಿ ನಿಧಾನವಾಗಿ ಹೇಳಿದರು.

"ಇದಕ್ಕ ಕಾಕ್ಲಿಯಾ ಅಂತಾರ್ರಿ. ಹಳೇ ಗ್ರೀಕ್ ಭಾಷಾದಿಂದ ಬಂದ ಶಬ್ದ. ಹಂಗಂದ್ರ ಬಸವನಹುಳ. ನೋಡ್ರಿ, ಅದರ ಚಿಪ್ಪಿನಂಗ ಸುತ್ತೇತಿ."

ನನಗೆ ಸಿಟ್ಟು ಬಂತು. ಕಿವಿ ಕೇಳಿಸಲೆಂದು ಬಂದರೆ ಈ ಪುಣ್ಯಾತ್ಮರು ಹುಳದ ಪುರಾಣ ಬಿಚ್ಚಿದರಲ್ಲ! ಆದರೂ ತುಂಡನ್ನು ತಿರುಗಿಸಿ ನೋಡಿದಾಗ ಹೌದೆನ್ನಿಸಿತು. ನಮ್ಮವರು ಆ ಹುಳದ ಕೊಂಬು ನೋಡಿ ಬಸವ ಅಂದರು. ಪರದೇಶದವರು ಬೆನ್ನ ಮೇಲಿನ ಸುರುಳಿ ನೋಡಿ ಕಿವಿಗೆ ಹೆಸರಿಟ್ಟರು.

"ಇದರೊಳಗ ಕೂದಲಕಿಂತ ಸಣ್ಣ ಎಳಿ ಇರ್ತಾವ್ರಿ. ಮಗ್ಗದ ಸಪ್ಪಳಕ್ಕ ನಿಮ್ಮವು ಹಾಳಾಗ್ಯಾವ."

"ಎಳಿ ಹರದ್ರ ಗಂಟ ಹಾಕಿದ್ರ ಆತಲ್ರಿ?"

"ಈ ಎಳಿಗೆ ಗಂಟ ಬೀಳೂದಿಲ್ರಿ."

ಮೂವತ್ತು ವರ್ಷ ರಬಕವಿಯಲ್ಲಿ ಪಾವರ್‌ಲೂಮ್ ನಡೆಸಿದವನಿಗೆ ಕಿವುಡು ಬಂದದ್ದೇ ಗೊತ್ತಾಗಲಿಲ್ಲವೆಂದರೆ ಜನ ನಗುತ್ತಾರೆ. ನಗಲಿ. ಮಗ್ಗದ ಶೆಡ್ಡಿನಲ್ಲಿ ನಾವು ದನಿ ತೆಗೆಯುವುದೇ ಇಲ್ಲ, ಒದರಿದರೂ ಯಾರಿಗೂ ಕೇಳದು. ಬರೀ ತುಟಿ ಅಲುಗಿಸುತ್ತೇವೆ, ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ನನ್ನ ಹೆಂಡತಿ ಪಕ್ಕದಲ್ಲೇ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಮ್ಮ ಸಂಸಾರವೆಲ್ಲ, ಜಗಳವೂ ಸೇರಿ, ತುಟಿಯ ಮೇಲೆಯೇ ನಡೆಯಿತು. ನಾನು ಕಿವಿಯಿಂದ ಕೇಳುತ್ತಿದ್ದೆನೋ ಕಣ್ಣಿನಿಂದಲೋ, ಯಾವನಿಗೆ ಬೇಕಿತ್ತು?

ಹೋದ ವರ್ಷ ನಾನೊಬ್ಬನೇ ಮದುವೆಯೊಂದಕ್ಕೆ ಮುಧೋಳಕ್ಕೆ ಹೋಗಿದ್ದಾಗ ಅವಳು ಫೋನಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದಳು. ಹೊಸದಾಗಿ ಕಲಿತಿದ್ದಳು. ಕಿವಿಗೆ ಹಚ್ಚಿದರೂ ನನಗೇನೂ ಕೇಳಲಿಲ್ಲ, ಊಟದ ಪಂಕ್ತಿಯ ಗದ್ದಲವಿರಬೇಕು ಅಂದುಕೊಂಡೆ. ಮನೆಗೆ ಬಂದ ಕೂಡಲೇ ಅವಳು, "ನಾ ಹೇಳಿದ್ದು ಕೇಳಿದ್ರಿಲ್ರಿ?" ಎಂದಳು.

"ಹೂಂ, ಕೇಳೇನಿ" ಎಂದೆ. ಅವಳ ಮುಖ ಅರಳಿತು. ಒಮ್ಮೆ ಸುಳ್ಳು ಹೇಳಿದ ಮೇಲೆ ನೀ ಏನು ಹೇಳಿದ್ದೆ ಎಂದು ಅವಳನ್ನು ಯಾವ ಬಾಯಿಂದ ಕೇಳಲಿ? ತಿಂಗಳೊಳಗೆ ಎದೆನೋವು ಬಂದು ಹೋಗಿಬಿಟ್ಟಳು.

ನೋಡಲು ಅವಳ ಬಾಯಿ ಇಲ್ಲದ ಮನೆಯಲ್ಲಿ ನಾನು ಪೂರ್ತಿ ಕಿವುಡನಾದೆ. ಮಾತಾಡಿಸಲು ಬಂದವರು ಗೋಡೆ ನೋಡುತ್ತ ಮಾತಾಡಿ ಎದ್ದು ಹೋಗುತ್ತಿದ್ದರು. ಒಬ್ಬನೇ ಕೂತು ಆ ಮೆಸೇಜನ್ನು ದಿನಾ ಕಿವಿಗೆ ಒತ್ತಿಕೊಳ್ಳುತ್ತಿದ್ದೆ. ಬೇರೆಯವರಿಗೆ ಕೊಟ್ಟು ಕೇಳಿ ಹೇಳಿರಪ್ಪಾ ಎನ್ನಲು ನಾಚಿಕೆ, ಗಂಡ ಹೆಂಡಿರ ಮಾತು ಅದು. ಅವಳು ಏನು ಹೇಳಿದ್ದಳೋ ಅದನ್ನು ನನ್ನ ಕಿವಿಯಿಂದಲೇ ಕೇಳಬೇಕೆಂದು ಡಾಕ್ಟರ ಹತ್ತಿರ ಹೋಗಿದ್ದೆ.

ಅವರು ಕಿವಿಗೆ ಮಷೀನು ಹಾಕಿದರು. ಫ್ಯಾನಿನ ಸದ್ದು, ಕುರ್ಚಿ ಸರಿಸಿದ್ದು, ಹೊರಗೆ ಯಾರದೋ ಕೆಮ್ಮು, ಎಲ್ಲ ಒಮ್ಮೆಲೇ ಒಳಗೆ ನುಗ್ಗಿತು. ಫೋನು ತೆಗೆದು ಅವಳ ಮೆಸೇಜು ಒತ್ತಿದೆ. ಖಟಖಟ, ಖಟಖಟ. ನಲವತ್ತು ಸೆಕೆಂಡು ಮಗ್ಗ ಓಡಿ ನಿಂತಿತು. ಮತ್ತೆ ಒತ್ತಿದೆ. ಅದೇ.

"ಅಕಿ ಮಾತ ಎಲ್ಲೈತ್ರಿ?"

ಡಾಕ್ಟರು ತಾವೇ ಫೋನು ಕಿವಿಗೆ ಹಿಡಿದು ಕೇಳಿ, ತಲೆ ಅಲ್ಲಾಡಿಸಿದರು. "ಬರೇ ಮಗ್ಗದ ಸಪ್ಪಳ ಐತ್ರಿ. ಯಾರೂ ಮಾತಾಡಿಲ್ಲ."

ಮಾತಾಡಿದ್ದಾಳೆ. ನನಗೆ ಗೊತ್ತು. ಶೆಡ್ಡಿನಲ್ಲಿ ನಿಂತು, ಫೋನನ್ನು ಮುಖದ ಮುಂದೆ ಹಿಡಿದು, ನಾನೇ ಎದುರಿಗಿದ್ದೇನೆಂಬಂತೆ ದನಿಯಿಲ್ಲದೆ ತುಟಿ ಅಲುಗಿಸಿದ್ದಾಳೆ ನನ್ನ ಹುಚ್ಚಿ. ನಲವತ್ತು ಸೆಕೆಂಡು! ಅಷ್ಟೊಂದು ಏನಿತ್ತೋ ಹೇಳಲಿಕ್ಕೆ. ನಾನು ಅಲ್ಲಿದ್ದಿದ್ದರೆ ಒಂದಕ್ಷರ ಬಿಡದೆ ತಿಳಿಯುತ್ತಿತ್ತು.