ನಾಲ್ಕು ಮನೆಯ ಡೇರೆ

ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಒಬ್ಬರೇ ಇರುವವರನ್ನು ಬೀದಿಯವರೆಲ್ಲ ಮೀಟರಣ್ಣ ಎನ್ನುತ್ತಾರೆ. ನೀರಿನ ಕಚೇರಿಯಲ್ಲಿ ಮೀಟರ್ ಓದುವ ಕೆಲಸದಲ್ಲಿದ್ದು ನಿವೃತ್ತರಾದವರು. ಯಾರ ಮನೆಗೆ ಹೋದರೂ ಈಗಲೂ ಮೊದಲು ಕಣ್ಣು ಹೋಗುವುದು ನೀರಿನ ಮೀಟರಿನ ಕಡೆಗೇ. ಮಾತು ಕಡಿಮೆ. ನನಗೋ ಮಾತಿಲ್ಲದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಹಾಗಾಗಿ ನಮ್ಮಿಬ್ಬರಿಗೂ ಸೇರಿ ನಾನೇ ಮಾತಾಡುತ್ತೇನೆ.

ಅವರ ಕೋಣೆಯಲ್ಲಿ ಒಂದು ಮಂಚ, ಒಂದು ಕಬ್ಬಿಣದ ಬೀರು, ಕಿಟಕಿಯ ಪಕ್ಕ ಒಂದು ಕುರ್ಚಿ. ಇನ್ನೊಂದು ಕುರ್ಚಿ ಹಾಕಲು ಜಾಗವಿದೆ, ಹಾಕಿಲ್ಲ. ಮಂಚದ ಕೆಳಗೆ ದಪ್ಪ ಕ್ಯಾನ್ವಾಸ್ ಬಟ್ಟೆಯ ಒಂದು ದೊಡ್ಡ ಗಂಟು. ವರ್ಷಕ್ಕೊಮ್ಮೆ ಒಳ್ಳೆಯ ಬಿಸಿಲಿನ ದಿನ ನೋಡಿ ಅದನ್ನು ಹಿತ್ತಲಿನ ಹಗ್ಗಕ್ಕೆ ಹಾಕುತ್ತಾರೆ. ಹೊಲಿಗೆಯ ಸಾಲುಗಳಿಗೆಲ್ಲ ಮೇಣ ತಿಕ್ಕುತ್ತಾರೆ, ಸಂಜೆ ಮಗುವಿನ ಬಟ್ಟೆ ಮಡಿಸುವ ಹಾಗೆ ಮಡಿಸಿ ಒಳಗೆ ಒಯ್ಯುತ್ತಾರೆ. ಅಂದು ನನ್ನ ಬಟ್ಟೆ ಒಣಹಾಕಲು ಹಗ್ಗವಿಲ್ಲ. ಪ್ರತಿ ವರ್ಷ ಬೈಯುತ್ತೇನೆ, ಪ್ರತಿ ವರ್ಷ ಅವರು "ಆಯ್ತಮ್ಮ" ಎನ್ನುತ್ತಾರೆ.

ಅದು ಡೇರೆಯ ಬಟ್ಟೆ. ನಲವತ್ತೊಂದು ವರ್ಷದ ಹಿಂದೆ ಒಂದೇ ಕಚೇರಿಯ ನಾಲ್ವರು ಮೀಟರಿನವರು ಸೇರಿ ಕೊಂಡದ್ದು. ವಾರವಿಡೀ ಬೀದಿ ಬೀದಿ ನಡೆದವರು ರಜೆ ಸಿಕ್ಕರೆ ಮತ್ತೆ ನಡೆಯಲು ಬೆಟ್ಟಕ್ಕೆ ಹೋಗುತ್ತಿದ್ದರಂತೆ. ಇಂಥವರಿಗೆ ಏನು ಹೇಳಬೇಕು? ಒಮ್ಮೆ "ನೀವು ಯಾಕೆ ಮದುವೆ ಆಗ್ಲಿಲ್ಲ?" ಎಂದು ಕೇಳಿದ್ದೆ. "ಭಾನುವಾರ ಎಲ್ಲ ಬೆಟ್ಟಕ್ಕೆ ಹೋಯ್ತು. ಇನ್ಯಾವ ದಿನ ಮದುವೆ ಆಗೋದು?" ಎಂದರು. ಹನ್ನೆರಡು ವರ್ಷದಲ್ಲಿ ಅವರು ಮಾಡಿದ ತಮಾಷೆ ಅದೊಂದೇ.

ಡೇರೆ ಕೊಂಡ ದಿನವೇ ಒಂದು ನಿಯಮ ಮಾಡಿಕೊಂಡರು. ಇಡೀ ಡೇರೆ ಒಬ್ಬನ ಕೈಗೆ ಸಿಕ್ಕರೆ ಅವನು ಹೆಂಡತಿ ಕಡೆಯವರನ್ನೆಲ್ಲ ಕಟ್ಟಿಕೊಂಡು ಹೋಗುತ್ತಾನೆ, ಉಳಿದವರು ಬಾಯಿ ಬಿಟ್ಟುಕೊಂಡು ಕೂರಬೇಕಾಗುತ್ತದೆ. ಆದ್ದರಿಂದ ಅದನ್ನು ನಾಲ್ಕು ಮನೆಗೆ ಹಂಚಿದರು. ಬಟ್ಟೆ ಮೀಟರಣ್ಣನಿಗೆ. ಹಿತ್ತಾಳೆ ತುದಿಯ ಎರಡು ಕೋಲುಗಳು ಎಲ್ಲರಿಗಿಂತ ಎತ್ತರದವನಿಗೆ, ಅವನನ್ನು ಉದ್ದ ಎನ್ನುತ್ತಿದ್ದರು. ಹದಿನಾರು ಕಬ್ಬಿಣದ ಗೂಟ ಮತ್ತು ಹಗ್ಗ ಗಿಡ್ಡನಿಗೆ. ಪಂಪ್ ಸ್ಟೋವ್ ಬುಸ್ಸನಿಗೆ. ಸ್ಟೋವಿಗಿಂತ ಅವನೇ ಹೆಚ್ಚು ಬುಸುಗುಡುತ್ತಿದ್ದನಂತೆ. ನಾಲ್ವರೂ ಬಂದರೆ ಮಾತ್ರ ಡೇರೆ ನಿಲ್ಲುತ್ತದೆ.

ಸಾಮಾನಿಗೆ ಏನೂ ಆಗಲಿಲ್ಲ. ಕ್ಯಾನ್ವಾಸ್ ಹಾಗೇ ಇತ್ತು, ಗೂಟ ಸವೆಯಲಿಲ್ಲ, ಸ್ಟೋವ್ ಎರಡು ಪಂಪಿಗೆ ಹೊತ್ತಿಕೊಳ್ಳುತ್ತಿತ್ತು. ಹೋದವರು ಮನುಷ್ಯರು. ಮೊದಲು ಗಿಡ್ಡ ಹೋದ. ಅವನ ಹೆಂಡತಿ ಗೂಟದ ಚೀಲ ತಂದು ಮೀಟರಣ್ಣನ ಕೈಗೆ ಕೊಟ್ಟು ಹೋದರಂತೆ. ನಾಲ್ಕು ವರ್ಷಕ್ಕೆ ಬುಸ್ಸನ ಅಣ್ಣ ಸ್ಟೋವ್ ತಂದರು. ಉಳಿದದ್ದು ಉದ್ದ ಒಬ್ಬ, ಅವನ ಕೋಲುಗಳು.

ಇವರು ನಮ್ಮಲ್ಲಿಗೆ ಬಂದ ಹೊಸತರಲ್ಲಿ ಆ ಎತ್ತರದ ಮನುಷ್ಯ ಬರುವುದನ್ನು ನೋಡಿದ್ದೇನೆ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ. ಆಮೇಲೆ ಬರುವುದು ನಿಂತೇ ಹೋಯಿತು. ಕೇಳಿದರೆ ಮೀಟರಣ್ಣ ಕಿಟಕಿಯ ಕಡೆ ತಿರುಗುತ್ತಿದ್ದರು. ನಾನೂ ಹಟ ಬಿಟ್ಟೆ, ಅದು ನನ್ನ ಸ್ವಭಾವಕ್ಕೆ ಸುಲಭವಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಗೇಟು ಕಿರುಗುಟ್ಟಿತು. ಮೂವತ್ತೈದರ ಹೆಂಗಸು, ಕೈಯಲ್ಲಿ ಹಳೆಯ ಬೆಡ್‌ಶೀಟ್ ಸುತ್ತಿದ ಉದ್ದನೆಯ ಕಟ್ಟು. ಮೀಟರಣ್ಣ ಮೆಟ್ಟಿಲ ಬಳಿ ಚಪ್ಪಲಿ ಉಜ್ಜುತ್ತಿದ್ದರು. ಆ ಕಟ್ಟನ್ನು ನೋಡಿದವರೇ ಅಲ್ಲೇ ಕುಸಿದು ಕೂತರು.

"ಯಾವಾಗ ಹೋದ?" ಎಂದರು.

"ಯಾರು, ಮಾಮ?"

"ನಿಮ್ಮಪ್ಪ."

"ಅಯ್ಯೋ, ಬಿಡ್ತು ಅನ್ನಿ! ಅಪ್ಪ ಮನೇಲೇ ಇದಾರೆ. ಮಂಡಿ ನೋವು, ಮೆಟ್ಟಿಲು ಇಳಿಯೋಕಾಗಲ್ಲ. ಬೀರು ಮೇಲಿಂದೆಲ್ಲ ಖಾಲಿ ಮಾಡ್ತಿದ್ದೆ. ಇದನ್ನ ಅವನಿಗೇ ಕೊಟ್ಬಿಡು ಅಂದ್ರು."

"ಇನ್ನೇನಂದ?"

"ಅಷ್ಟೇ ಅಂದ್ರು."

ಅವಳು ಹೋದ ಮೇಲೆ ಮೀಟರಣ್ಣ ನಮ್ಮ ಹಿತ್ತಲಲ್ಲಿ ಡೇರೆ ಹೂಡಿದರು. ನನ್ನ ಕರಿಬೇವಿನ ಗಿಡದ ಬುಡಕ್ಕೇ ಒಂದು ಗೂಟ ಹೊಡೆದರು. ಜಗಳ ಆಡಲು ಸೆರಗು ಸಿಕ್ಕಿಸಿಕೊಂಡೇ ಹೋದೆ. ಒಳಗೆ ಬಗ್ಗಿ ನೋಡಿದರೆ ಅವರು ಒಂದು ಬದಿಗೆ ಒತ್ತಿಕೊಂಡು ಕೂತಿದ್ದಾರೆ, ಇನ್ನು ಮೂವರಿಗೆ ಜಾಗ ಬಿಟ್ಟ ಹಾಗೆ. ನಾನೂ ಒಳಗೆ ಹೋಗಿ ಕೂತೆ.

ಮೇಲೆ, ಕೋಲಿನ ತುದಿ ತಾಗುವ ಕಡೆ, ಅಂಗೈಯಗಲದ ಒಂದು ತೇಪೆಯಿತ್ತು. ಹೊಲಿಗೆ ಅಂಕುಡೊಂಕು.

"ಇದೇನು ಇಲ್ಲಿ?" ಎಂದೆ. ಆಗ ಹೇಳಿದರು.

ಉದ್ದನ ಹೆಂಡತಿ ಹಾಸಿಗೆ ಹಿಡಿದಿದ್ದರು. ಎರಡು ವರ್ಷ ಅವನಿಗೆ ಬೆಟ್ಟಕ್ಕೆ ಬರಲಾಗಲಿಲ್ಲ, ಇವರೂ ಹೋಗಲಿಲ್ಲ. ಮೂರನೆಯ ವರ್ಷ ತಡೆಯಲಾಗಲಿಲ್ಲ. ಕೋಲು ಕೇಳಲು ಮುಖವಿಲ್ಲದೆ ಎರಡು ಬಿದಿರು ಕಡಿಸಿಕೊಂಡು ಒಬ್ಬರೇ ಹೋದರು. ಗಾಳಿಗೆ ಬಿದಿರಿನ ತುದಿ ಬಟ್ಟೆಯನ್ನು ಸೀಳಿತು. ಮನೆಗೆ ತಂದು ಕೈಯಾರೆ ತೇಪೆ ಹಾಕಿ, ಯಾರಿಗೂ ಹೇಳದೆ ಮಡಿಸಿಟ್ಟರು. ಮರುವರ್ಷ ಉದ್ದನ ಹೆಂಡತಿ ತೀರಿಕೊಂಡರು. ಉದ್ದ ತಾನಾಗಿಯೇ ಬಂದು "ಹೋಗೋಣ ಕಣೋ, ಮನೇಲಿರೋಕಾಗ್ತಿಲ್ಲ" ಎಂದ. ಬೆಟ್ಟದಲ್ಲಿ ಬೆಳಿಗ್ಗೆ ಎಚ್ಚರವಾದಾಗ ಅವನು ಮಲಗಿದಲ್ಲಿಂದಲೇ ಮೇಲೆ ನೋಡುತ್ತಿದ್ದನಂತೆ.

"ಇದು ನನ್ನ ಕೋಲು ಹರಿದಿದ್ದಲ್ಲ," ಎಂದ.

ಹಿತ್ತಾಳೆಯ ಗುಂಡನೆಯ ತುದಿ ಬಟ್ಟೆ ಹರಿಯುವುದಿಲ್ಲ ಎಂದು ಅವನಿಗೆ ಗೊತ್ತು. ಇವರು ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಉದ್ದ ಎದ್ದು ಹೊರಗೆ ಹೋಗಿ ತನ್ನ ಎರಡು ಕೋಲನ್ನೂ ಎಳೆದುಕೊಂಡ. ಡೇರೆ ಇವರ ಮೇಲೆ ಬಿತ್ತು. ಅದರಡಿಯಿಂದ ತೆವಳಿ ಹೊರಗೆ ಬರುವಷ್ಟರಲ್ಲಿ ಅವನು ಕೋಲು ಹೆಗಲಿಗೇರಿಸಿ ಅರ್ಧ ಬೆಟ್ಟ ಇಳಿದಿದ್ದ. ಇದಾಗಿ ಒಂಬತ್ತು ವರ್ಷ.

ನನಗೆ ನಗು ಬಂತು, ಆದರೆ ನಗಲಿಲ್ಲ. ಹೆಂಡತಿ ಸಾಯುತ್ತಿದ್ದಾಗ ಗೆಳೆಯ ತನ್ನನ್ನು ಬಿಟ್ಟು ಬೆಟ್ಟ ಹತ್ತಿದ ಎಂದು ಅವನಿಗೆ ಅನಿಸಿರಬೇಕು. ಅದು ನಿಜವೂ ಹೌದು.

"ಈಗ ಕೋಲೂ ಬಂತಲ್ಲ. ಹೋಗ್ಬನ್ನಿ ಬೇಕಾದ್ರೆ," ಎಂದೆ.

"ಇಡೀ ಡೇರೆ ನನ್ನ ಹತ್ರ ಇರೋದು ಇದೇ ಮೊದಲು," ಎಂದರು. ತೇಪೆಯ ಕಡೆ ನೋಡಿ, "ಒಬ್ನೇ ಹೋಗೋದು ಹೇಗಿರುತ್ತೆ ಅಂತ ಒಂದ್ಸಲ ನೋಡಿದೀನಮ್ಮ. ಸಾಕು," ಎಂದರು.

ಮರುದಿನ ಗೂಟದ ಚೀಲ ಹೆಗಲಿಗೆ ಹಾಕಿ ಬಸ್ಸಿಗೆ ಹೊರಟರು. ನಾನೂ ಜೊತೆಗೆ ಹೋದೆ. ಹೋಗದಿದ್ದರೆ ಮುಂದಿನ ನಿಲ್ದಾಣದಲ್ಲೇ ಇಳಿದು ವಾಪಸು ಬರುವ ಪೈಕಿ ಅವರು. ಉದ್ದನ ಮನೆ ಮೂರನೆಯ ಮಹಡಿ. ಮಗಳು ಬಾಗಿಲು ತೆಗೆದಳು. ಉದ್ದ ಕಿಟಕಿಯ ಪಕ್ಕ ಕೂತಿದ್ದ. ಕೂತರೂ ಉದ್ದವೇ. ತಿರುಗಿ ನೋಡಲಿಲ್ಲ.

ಮೀಟರಣ್ಣ ಚೀಲವನ್ನು ಮೇಜಿನ ಮೇಲೆ ಇಟ್ಟರು. ಕಬ್ಬಿಣ ಘಣ್ ಎಂದಿತು.

"ಕೋಲು ನನ್ನ ಹತ್ರ ಇರ್ಲಿ. ಗೂಟ ನೀನಿಟ್ಕೋ," ಎಂದರು. "ಎಲ್ಲ ಒಂದೇ ಮನೇಲಿ ಇರಬಾರ್ದು. ಮಾಡ್ಕೊಂಡಿದ್ದೇ ಹಾಗೆ. ನಾನು ಮಾಡಿದ್ದು ತಪ್ಪು ಕಣೋ."

ಮಗಳು ನನ್ನ ಮುಖ ನೋಡಿದಳು, ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ನಾವು ಬಾಗಿಲು ದಾಟುವಾಗ ಹಿಂದಿನಿಂದ ದನಿ ಬಂತು.

"ಎಷ್ಟಿದಾವೆ?"

"ಹದಿನಾರು."

"ಎಣಿಸ್ತೀನಿ."

ಒಂಬತ್ತು ವರ್ಷಕ್ಕೆ ಅಷ್ಟೇ ಮಾತು. ಬಸ್ಸಿನಲ್ಲಿ ಮೀಟರಣ್ಣ ಖಾಲಿ ಹೆಗಲನ್ನು ಸವರಿಕೊಳ್ಳುತ್ತ ಕೂತಿದ್ದರು.

ಇದಾಗಿ ಹನ್ನೊಂದು ತಿಂಗಳು. ಉದ್ದ ಬಂದಿಲ್ಲ. ಗೂಟವನ್ನು ವಾಪಸು ಕಳಿಸಿಯೂ ಇಲ್ಲ. ಕೋಣೆಯಲ್ಲಿ ಈಗ ಎರಡು ಕುರ್ಚಿಗಳಿವೆ, ಎರಡನೆಯದು ಸ್ವಲ್ಪ ಎತ್ತರದ್ದು. ಗೇಟು ಕಿರುಗುಟ್ಟಿದರೆ ಮೀಟರಣ್ಣ ಬಂದವರ ಮುಖ ನೋಡುವುದಿಲ್ಲ, ಮೊದಲು ಕೈ ನೋಡುತ್ತಾರೆ. ಗೂಟದ ಚೀಲ ಉದ್ದನ ಹೆಗಲ ಮೇಲೆ ಬಂದರೆ ಸರಿ. ಬೇರೆಯವರ ಕೈಯಲ್ಲಿ ಬಂದರೆ ಏನರ್ಥ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಮೊನ್ನೆ ನಾನು ಭಾರದ ಚೀಲ ಹಿಡಿದು ಬಂದಾಗ ಅವರು ಮೆಟ್ಟಿಲ ಮೇಲೆ ಬಿಳಿಚಿಕೊಂಡು ನಿಂತಿದ್ದರು. ಅಂದಿನಿಂದ ಗೇಟಿಗೆ ಕೈ ಹಾಕುವ ಮೊದಲೇ ಕೂಗಿಬಿಡುತ್ತೇನೆ.

"ನಾನೇ, ಮೀಟರಣ್ಣ. ಆಲೂಗಡ್ಡೆ."